ಹನ್ನೊಂದನೇ ಪಾಠ ಯಾರ ಹತ್ತಿರ ಇದೆ?

ಸಂಪಾದಕರಿಗೆ ನಮಸ್ಕಾರ.

ಪತ್ರ ಸ್ವಲ್ಪ ಉದ್ದವಾಗಿದೆ. ಕತ್ತರಿಸುವುದಿದ್ದರೆ ಕತ್ತರಿಸಿ, ಆದರೆ ಪಾಠಗಳನ್ನು ಫೋನಿಗೆ ಹೇಗೆ ಹಾಕಿಕೊಳ್ಳಬೇಕು ಅಂತ ನಡುವೆ ಬರೆದಿದ್ದೇನಲ್ಲ, ಅದನ್ನು ಮಾತ್ರ ಬಿಡಬೇಡಿ. ಅದು ನಮ್ಮಂಥ ಹುಡುಗ ಹುಡುಗಿಯರಿಗೆ ನಾಳೆಯಿಂದಲೇ ಉಪಯೋಗಕ್ಕೆ ಬರುತ್ತದೆ.

ನಾನು ಅಣ್ಣಿಗೇರಿಯವಳು. ಎಂ.ಎ. ಅರ್ಥಶಾಸ್ತ್ರ, ಎರಡನೇ ವರ್ಷ. ಅವಳಿ ನಗರದ ಒಂದು ಕಾಲೇಜಿಗೆ ದಿನಾ ಹೋಗಿ ಬರುತ್ತೇನೆ. ಬೆಳಿಗ್ಗೆ ಗದಗ ಕಡೆಯಿಂದ ಬರುವ ಗಾಡಿ, ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಇಳಿದು, ಹುಬ್ಬಳ್ಳಿ ಧಾರವಾಡದ ನಡುವೆ ಜೋರಾಗಿ ಓಡುವ ಚಿಗರಿ ಬಸ್, ಆಮೇಲೆ ಹತ್ತು ನಿಮಿಷ ನಡಿಗೆ. ಕಾಯುವುದೂ ಸೇರಿ ಒಂದು ಕಡೆಗೆ ಒಂದೂವರೆ ತಾಸು. ಹೋಗಿ ಬರುವುದಕ್ಕೆ ಮೂರು. ವಾರಕ್ಕೆ ಆರು ದಿನ ಹಿಡಿದರೆ 18 ತಾಸು. ನಮಗೆ ನಾಲ್ಕು ಪೇಪರ್, ಒಂದೊಂದಕ್ಕೆ ವಾರಕ್ಕೆ ನಾಲ್ಕು ತಾಸು ಪಾಠ, ಅಂದರೆ 16. ಒಂದಿನ ಸುಮ್ನೆ ಕೂತು ಲೆಕ್ಕ ಹಾಕಿದಾಗ ನನಗೇ ನಗು ಬಂತು. ಕ್ಲಾಸಿನಲ್ಲಿ ಇರುವುದಕ್ಕಿಂತ ಜಾಸ್ತಿ ಹೊತ್ತು ನಾನು ದಾರಿಯಲ್ಲೇ ಇರುತ್ತೇನೆ!

ಗಾಡಿಯಲ್ಲಿ ಓದಬಾರದಾ ಅಂತ ಕೇಳುವವರು ಒಂದು ಸಲ ಸೋಮವಾರ ಬೆಳಿಗ್ಗೆ ಆ ಗಾಡಿ ಹತ್ತಬೇಕು. ಒಂದು ಕೈ ಮೇಲಿನ ಹಿಡಿಕೆಗೆ, ಇನ್ನೊಂದು ಕೈ ಬ್ಯಾಗಿಗೆ. ಪಕ್ಕದಲ್ಲಿ ಒಬ್ಬರು ಮೊಸರಿನ ಗಡಿಗೆ ಇಟ್ಟುಕೊಂಡು ಕೂತಿರುತ್ತಾರೆ, ಕಾಲು ಇಡಲು ಜಾಗ ಇರುವುದಿಲ್ಲ. ಪುಸ್ತಕ ತೆಗೆಯುವ ಮಾತೇ ಇಲ್ಲ. ಖಾಲಿ ಇರುವುದು ಕಿವಿ ಮಾತ್ರ.

ಆ ಕಿವಿಯ ವಿಷಯವೇ ಈ ಪತ್ರ. ಕಾಲೇಜಿನ ಪಾಠಗಳನ್ನು ದಾರಿಯಲ್ಲಿ ಕೇಳಲು ಬರುವ ಹಾಗೆ ಆಡಿಯೊ ಮಾಡಿ ಕೊಡಿ ಅಂತ.

ನಮ್ಮ ಕಾಲೇಜಿನಲ್ಲಿ ಪಾಠ ರೆಕಾರ್ಡ್ ಆಗುತ್ತದೆ. ಕೊರೊನಾ ಕಾಲದಲ್ಲಿ ಶುರುವಾದದ್ದು, ನಿಂತಿಲ್ಲ, ಅದಕ್ಕೆ ಕಾಲೇಜಿನವರನ್ನು ಹೊಗಳಲೇಬೇಕು. ಎರಡು ಕ್ಲಾಸ್‌ರೂಮಿನಲ್ಲಿ ಕ್ಯಾಮೆರಾ ಇದೆ, ಮೈಕ್ ಇದೆ. ವಿಡಿಯೊ ಕಾಲೇಜಿನ ಪೋರ್ಟಲ್‌ಗೆ ಹೋಗಿ ಬೀಳುತ್ತದೆ. ಬಿದ್ದದ್ದು ಅಲ್ಲೇ ಬಿದ್ದಿರುತ್ತದೆ.

ಹೋದ ವರ್ಷ ಮೆಣಸಿನಕಾಯಿ ಬಿಡಿಸುವಾಗ ಆಳು ಸಿಗದೆ ನಾನು ಒಂದು ವಾರ ಹೊಲದಲ್ಲೇ ಇದ್ದೆ. ಬಿಡಿಸುವುದು ಅಂದರೆ ಕೈ ಕೆಲಸ, ತಲೆಗೆ ಏನೂ ಕೆಲಸವಿಲ್ಲ. ತಪ್ಪಿದ ಪಾಠ ಕೇಳುತ್ತಾ ಬಿಡಿಸೋಣ ಅಂತ ಫೋನ್ ಜೇಬಿನಲ್ಲಿಟ್ಟು ಪೋರ್ಟಲ್ ತೆಗೆದೆ. ಪಾಸ್‌ವರ್ಡ್ ಹಾಕಿ, ಒಟಿಪಿ ಬರುವ ತನಕ ಬದುವಿನ ಮೇಲೆ ಹೋಗಿ ನಿಂತು, ಬಂದ ಮೇಲೆ ಅದನ್ನು ಹಾಕಿ, ಕೊನೆಗೆ ವಿಡಿಯೊ ಶುರುವಾಯಿತು. ಫೋನ್ ಜೇಬಿಗೆ ಹಾಕಿದೆ. ಪರದೆ ಆರಿತು. ಸರ್ ದನಿಯೂ ಆರಿತು. ಮತ್ತೆ ತೆಗೆದರೆ ಮತ್ತೆ ಮೊದಲಿನಿಂದ. ಖಾರದ ಕೈಯಿಂದ ಪರದೆ ಒತ್ತಿ ಒತ್ತಿ, ಅದೇ ಕೈಯಿಂದ ಮರೆತು ಕಣ್ಣು ಮುಟ್ಟಿಕೊಂಡು, ಆವತ್ತು ಅತ್ತದ್ದು ಪಾಠಕ್ಕೋ ಮೆಣಸಿನಕಾಯಿಗೋ ನನಗೆ ಈಗಲೂ ಗೊತ್ತಿಲ್ಲ.

ಒಂದು ತಾಸಿನ ವಿಡಿಯೊ 400 ಎಂಬಿ ಹತ್ತಿರ ಇತ್ತು. ಡೌನ್‌ಲೋಡ್ ಮಾಡಲು ಬರುವುದಿಲ್ಲ. ನನ್ನ ಪ್ಯಾಕಿನಲ್ಲಿ ದಿನಕ್ಕೆ ಒಂದೂವರೆ ಜಿಬಿ. ಮೂರು ಪಾಠ ನೋಡಿದರೆ ಅವತ್ತಿನ ಡೇಟಾ ಹೆಚ್ಚುಕಡಿಮೆ ಮುಗಿಯಿತು, ಮನೆಯಲ್ಲಿ ತಮ್ಮನಿಗೂ ಅದೇ ಫೋನಿನ ಹಾಟ್‌ಸ್ಪಾಟೇ ಬೇಕು. ಆಫೀಸಿಗೆ ಹೋಗಿ ಆಡಿಯೊ ಮಾತ್ರ ಕೊಡಲು ಆಗುತ್ತದಾ ಅಂತ ಕೇಳಿದೆ. "ಎಲ್ಲಾ ಪೋರ್ಟಲ್‌ನ್ಯಾಗ ಐತಿ ನೋಡವಾ, ಮತ್ತೇನ ಬೇಕು ನಿನಗ?" ಅಂದರು. ತಪ್ಪು ಹೇಳಲಿಲ್ಲ, ಇರುವುದೇನೋ ಇದೆ.

ಆಮೇಲೆ ನಮ್ಮ ಪಾಲಿಗೆ ಬಂದವರು ಹಣ ಮತ್ತು ಬ್ಯಾಂಕಿಂಗ್ ಹೇಳುವ ಸರ್. ಅವರಿಗೆ ಪೋರ್ಟಲ್ ಅಂದರೆ ಅಷ್ಟಕ್ಕಷ್ಟೇ. ತಮ್ಮ ಫೋನನ್ನೇ ಮೇಜಿನ ಮೇಲೆ ಬೋರಲು ಇಟ್ಟು ಪಾಠ ರೆಕಾರ್ಡ್ ಮಾಡಿ ಸಂಜೆ ಕ್ಲಾಸ್ ಗ್ರೂಪಿಗೆ ಕಳಿಸುತ್ತಿದ್ದರು. ಫ್ಯಾನಿನ ಕಿರ್ ಕಿರ್, ಹೊರಗೆ ಯಾರೋ ಬೈಕ್ ಕಿಕ್ ಹೊಡೆಯುವುದು, ಎಲ್ಲ ಕೇಳುತ್ತದೆ, ಆದರೆ ಸರ್ ದನಿ ಅದರ ಮೇಲೇ ಕೇಳುತ್ತದೆ. ಒಂದೊಂದು ಪಾಠ 20, 25 ಎಂಬಿ. ಇಳಿಸಿಕೊಂಡರೆ ಮುಗಿಯಿತು, ಹೆಬಸೂರಿನ ಹತ್ತಿರ ಸಿಗ್ನಲ್ ಹೋದರೂ ಸರ್ ಹೋಗುವುದಿಲ್ಲ.

ಅವರ ಒಂದು ಪಾಠ ಇಲ್ಲಿ ಹೇಳಲೇಬೇಕು. ಹಣದ ಚಲಾವಣೆಯ ವೇಗ ಅನ್ನುವುದನ್ನು ಪುಸ್ತಕದಲ್ಲಿ ಸೂತ್ರ ಕೊಟ್ಟು ಬಿಟ್ಟಿದ್ದಾರೆ. ಸರ್ ಮಾತಿನಲ್ಲೇ ನಮ್ಮನ್ನು ಹುಬ್ಬಳ್ಳಿಯ ದುರ್ಗದಬೈಲು ಪೇಟೆಗೆ ಕರೆದುಕೊಂಡು ಹೋದರು. ಗಿರ್ಮಿಟ್ ಅಂಗಡಿಯವನ ಹತ್ತಿರ ಒಂದು 100ರ ನೋಟಿದೆ. ಅವನು ಅದನ್ನು ಉಳ್ಳಾಗಡ್ಡಿಯವನಿಗೆ ಕೊಟ್ಟ. ಉಳ್ಳಾಗಡ್ಡಿಯವನು ಆಟೋದವನಿಗೆ ಕೊಟ್ಟ. ಆಟೋದವನು ಮಗಳಿಗೆ ಬಳೆ ಕೊಂಡ. ಬಳೆಯಾಕೆ ಸಂಜೆ ಮಕ್ಕಳನ್ನು ಕರೆದುಕೊಂಡು ಬಂದು ಅದೇ ಗಿರ್ಮಿಟ್ ಅಂಗಡಿಯಲ್ಲಿ ತಿಂದು ಅದೇ ನೋಟು ಕೊಟ್ಟಳು. "ನೋಟು ಒಂದ, ವ್ಯಾಪಾರ ನಾಕನೂರು. ಈಗ ಬರಕೋರಿ" ಅಂದರು ಸರ್. ಈ ಪಾಠ ಯಾವ ಪುಸ್ತಕದಲ್ಲೂ ಇಲ್ಲ. ಆ ಆಡಿಯೊದಲ್ಲಿ ಇದೆ. ನಾನು ಅದನ್ನು ಕಡಿಮೆ ಅಂದರೂ ಆರು ಸಲ ಕೇಳಿದ್ದೇನೆ, ಒಂದು ಸಲ ಕೇಳುತ್ತಾ ಕೇಳುತ್ತಾ ಇಳಿಯುವ ಸ್ಟಾಪ್ ದಾಟಿ ಹೋಗಿದ್ದೂ ಇದೆ.

ತೊಂದರೆ ಎಲ್ಲಿ ಅಂದರೆ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಆಡಿಯೊಗೆಲ್ಲ ಒಂದೇ ಥರದ ಹೆಸರು. ಎಯುಡಿ ಅಂತ ಮೂರು ಅಕ್ಷರ, ಆಮೇಲೆ ಒಂದು ತಾರೀಖು, ಆಮೇಲೆ ಡಬ್ಲ್ಯೂಎ, ಆಮೇಲೆ ಸೊನ್ನೆ ಸೊನ್ನೆ. ಯಾವುದು ಮೊದಲನೇ ಪಾಠ, ಯಾವುದು ಐದನೆಯದು, ಯಾವುದು ಗೆಳತಿಯ ಅಕ್ಕನ ಮದುವೆಯ ಹಾಡು, ಒತ್ತಿ ನೋಡಿದರೇ ಗೊತ್ತು. ಪರೀಕ್ಷೆಗೆ ಮುಂಚೆ ಕೂತು ನಾನು ಒಂದೊಂದೇ ಕೇಳಿ ನಂಬರ್ ಹಾಕಿದೆ. ಒಂದರಿಂದ ಹತ್ತು ಇದೆ. ಹನ್ನೆರಡರಿಂದ ಇಪ್ಪತ್ತಮೂರು ಇದೆ. ಹನ್ನೊಂದು ಇಲ್ಲ. ಗ್ರೂಪಿನಲ್ಲಿ ಕೇಳಿದರೆ ಎಲ್ಲರೂ "ನನ್ನ ಫೋನ್ ಫುಲ್ ಆಗಿತ್ತು, ಡಿಲೀಟ್ ಮಾಡಿದೆ" ಅನ್ನುವವರೇ. ಸರ್ ಫೋನೂ ಬದಲಾಗಿದೆ.

ಇಷ್ಟೆಲ್ಲ ಪರದಾಟಕ್ಕೆ ಇಪ್ಪತ್ತು ವರ್ಷದ ಹಿಂದೆಯೇ ಒಂದು ಪರಿಹಾರ ಬಂದಿದೆ. ಅದರ ಹೆಸರು ಪಾಡ್‌ಕಾಸ್ಟ್. ಈ ಮಾತು ಕೇಳಿದರೆ ಇಬ್ಬರು ಫೇಮಸ್ ಜನ ದೊಡ್ಡ ಮೈಕ್ ಮುಂದೆ ಕೂತು ಎರಡು ತಾಸು ಹರಟೆ ಹೊಡೆಯುವ ವಿಡಿಯೊ ನೆನಪಾಗುತ್ತದೆ, ಅಲ್ವಾ? ಅದಲ್ಲ. ಪಾಡ್‌ಕಾಸ್ಟ್ ಅಂದರೆ ಮೂಲದಲ್ಲಿ ಒಂದು ಪಟ್ಟಿ. ಫೀಡ್ ಅನ್ನುತ್ತಾರೆ. ಇಂಟರ್‌ನೆಟ್‌ನಲ್ಲಿ ಅದಕ್ಕೊಂದು ವಿಳಾಸ. ಆ ಪಟ್ಟಿಯಲ್ಲಿ ಪ್ರತಿ ಪಾಠದ ಹೆಸರು, ತಾರೀಖು, ಆಡಿಯೊ ಫೈಲ್ ಎಲ್ಲಿದೆ ಅನ್ನುವುದು, ಇಷ್ಟೇ ಬರೆದಿರುತ್ತದೆ. ನಮ್ಮ ಫೋನಿನ ಆ್ಯಪ್ ಆಗಾಗ ಹೋಗಿ ಪಟ್ಟಿ ನೋಡಿಕೊಂಡು ಬರುತ್ತದೆ, ಹೊಸ ಪಾಠ ಬಂದಿದ್ದರೆ ಇಳಿಸಿ ಇಡುತ್ತದೆ. ನಾವು ಲಿಂಕ್ ಹುಡುಕಬೇಕಿಲ್ಲ, ಗ್ರೂಪಿನಲ್ಲಿ ಮೇಲೆ ಮೇಲೆ ಸ್ಕ್ರೋಲ್ ಮಾಡಬೇಕಿಲ್ಲ. ಪೇಪರ್ ಹುಡುಗ ಬೆಳಿಗ್ಗೆ ಮನೆಗೇ ತಂದು ಹಾಕುತ್ತಾನಲ್ಲ, ಹಾಗೆ.

ಅಪ್ಪನಿಗೆ ಇದನ್ನು ಹೇಳಿದಾಗ ಅವರು ಬೇಗ ಹಿಡಿದುಕೊಂಡರು. ನಮ್ಮ ಮನೆಯಲ್ಲಿ ಧಾರವಾಡ ಆಕಾಶವಾಣಿ ಇನ್ನೂ ನಡೆಯುತ್ತದೆ. 1950ರ ಜನವರಿಯಲ್ಲಿ ಶುರುವಾದ ಕೇಂದ್ರ ಅದು. ಅಜ್ಜನ ಕಾಲದಿಂದ ರೈತರ ಕಾರ್ಯಕ್ರಮ ಕೇಳಿಯೇ ನಮ್ಮಲ್ಲಿ ಯಾವ ಬೆಳೆಗೆ ಯಾವ ಔಷಧಿ ಅಂತ ತೀರ್ಮಾನ. "ಅಂದ್ರ ಇದು ನಿಲ್ಲಿಸಾಕ ಬರೋ ರೇಡಿಯೋ" ಅಂದರು ಅಪ್ಪ. ಅಷ್ಟೇ. ಎಮ್ಮೆ ಕರೆಯುವಾಗ ನಿಲ್ಲಿಸಿ, ಹಾಲು ಹಾಕಿ ಬಂದ ಮೇಲೆ ಎಲ್ಲಿ ನಿಂತಿತ್ತೋ ಅಲ್ಲಿಂದ ಕೇಳಬಹುದಾದ ರೇಡಿಯೊ.

ಈಗ ನಮ್ಮ ಹುಡುಗರಿಗೆ, ಹೇಗೆ ಮಾಡುವುದು ಅಂತ.

ಆಂಡ್ರಾಯ್ಡ್ ಫೋನ್ ಇದ್ದರೆ ಆ್ಯಂಟೆನಾಪಾಡ್ ಅಂತ ಒಂದು ಆ್ಯಪ್ ಇದೆ. ಪುಕ್ಕಟೆ, ಜಾಹೀರಾತು ಇಲ್ಲ, ಲಾಗಿನ್ ಕೇಳುವುದಿಲ್ಲ. ಅದರಲ್ಲಿ ಪಾಡ್‌ಕಾಸ್ಟ್ ಸೇರಿಸುವ ಜಾಗಕ್ಕೆ ಹೋದರೆ ಆರ್‌ಎಸ್‌ಎಸ್ ವಿಳಾಸ ಹಾಕಿ ಸೇರಿಸುವುದು ಅಂತ ಬರುತ್ತದೆ. ಆರ್‌ಎಸ್‌ಎಸ್ ಅಂದರೆ ನಾನು ಆಗಲೇ ಹೇಳಿದ ಪಟ್ಟಿ. ಕಾಲೇಜಿನವರು ಕೊಟ್ಟ ವಿಳಾಸ ಅಲ್ಲಿ ಅಂಟಿಸಿದರೆ ಮುಗಿಯಿತು. ಐಫೋನ್ ಇದ್ದವರು ಅದರಲ್ಲೇ ಬಂದಿರುವ ಪಾಡ್‌ಕಾಸ್ಟ್ ಆ್ಯಪ್ ತೆಗೆದು, ಲೈಬ್ರರಿಗೆ ಹೋಗಿ ಮೂರು ಚುಕ್ಕಿ ಒತ್ತಿದರೆ ವಿಳಾಸ ಹಾಕಿ ಫಾಲೋ ಮಾಡುವ ಸಾಲು ಸಿಗುತ್ತದೆ. ಸ್ಪಾಟಿಫೈನಲ್ಲಿ ನಾವಾಗಿ ಹೀಗೆ ವಿಳಾಸ ಅಂಟಿಸಲು ಬರುವುದಿಲ್ಲ, ಅದರಲ್ಲಿ ಹುಡುಕಿ ಹೊತ್ತು ಕಳೆಯಬೇಡಿ. ಯೂಟ್ಯೂಬ್ ಪುಕ್ಕಟೆ ನೋಡುವವರಿಗೆ ಪರದೆ ಆರಿದರೆ ದನಿ ನಿಲ್ಲುತ್ತದೆ, ಹಾಗಾಗಿ ಗಾಡಿಯಲ್ಲಿ ಅದು ನಮಗಲ್ಲ. ಸೆಟ್ಟಿಂಗ್‌ನಲ್ಲಿ ವೈಫೈ ಇದ್ದಾಗ ಮಾತ್ರ ಇಳಿಸು ಅಂತ ಇಡಿ. ಕಾಲೇಜಿನ ವೈಫೈ ಇದ್ದೇ ಇದೆ, ಲೈಬ್ರರಿಯಲ್ಲಿ ಕೂತಾಗ ತಾನೇ ಇಳಿಯುತ್ತದೆ.

ವೇಗ ಜಾಸ್ತಿ ಕಡಿಮೆ ಮಾಡಬಹುದು. ಇದೊಂದು ದೊಡ್ಡ ಉಪಕಾರ. ಕೆಲವು ಸರ್ ಒಂದು ಮಾತು ಹೇಳಿ ಇನ್ನೊಂದು ಮಾತು ಹೇಳುವ ಹೊತ್ತಿಗೆ ಕುಸುಗಲ್ ಬಂದಿರುತ್ತದೆ, ಅವರನ್ನು 1.25ಕ್ಕೆ ಇಡುತ್ತೇನೆ. ಒಬ್ಬ ಮೇಡಂ ಚಿಗರಿ ಬಸ್ಸಿಗಿಂತ ಜೋರು, ಅವರನ್ನು 0.8ಕ್ಕೆ.

ನಿಮ್ಮ ಕಾಲೇಜಿನಲ್ಲಿ ಫೀಡ್ ಇಲ್ಲ, ನನ್ನ ಹಾಗೆ ವಾಟ್ಸ್‌ಆ್ಯಪ್ ಆಡಿಯೊ ಮಾತ್ರ ಇದೆ ಅಂದರೂ ದಾರಿ ಇದೆ. ಫೋನಿನಲ್ಲಿ ಒಂದು ಫೋಲ್ಡರ್ ಮಾಡಿ, ಪಾಠಗಳನ್ನೆಲ್ಲ ಅದಕ್ಕೆ ಹಾಕಿ, 01, 02 ಅಂತ ಹೆಸರು ಬದಲಿಸಿ. ಆಮೇಲೆ ಅದೇ ಆ್ಯಂಟೆನಾಪಾಡ್‌ನಲ್ಲಿ ಪಾಡ್‌ಕಾಸ್ಟ್ ಸೇರಿಸುವ ಜಾಗದಲ್ಲಿ, ಫೋನಿನ ಫೋಲ್ಡರ್ ಸೇರಿಸುವುದಕ್ಕೂ ಒಂದು ಸಾಲು ಇದೆ. ಸೇರಿಸಿದರೆ ಆ ಫೋಲ್ಡರೇ ಒಂದು ಪಾಡ್‌ಕಾಸ್ಟ್ ಥರ ಕಾಣುತ್ತದೆ, ಎಲ್ಲಿ ನಿಲ್ಲಿಸಿದ್ದಿರೋ ಅದು ನೆನಪಿಟ್ಟುಕೊಳ್ಳುತ್ತದೆ. ನಾನು ಈಗ ನಡೆಸುತ್ತಿರುವುದು ಹೀಗೆ. ನಮ್ಮ ಕ್ಲಾಸಿನಲ್ಲಿ ಹದಿನಾಲ್ಕು ಜನಕ್ಕೆ ನಾನೇ ಹಾಕಿಕೊಟ್ಟಿದ್ದೇನೆ, ಒಬ್ಬೊಬ್ಬರಿಂದ ಒಂದೊಂದು ಮಿರ್ಚಿ ವಸೂಲಿ ಆಗಿದೆ.

ಇನ್ನು ಕಾಲೇಜು, ವಿಶ್ವವಿದ್ಯಾಲಯದವರಿಗೆ. ಇದಕ್ಕೆ ಹಣ ಇಲ್ಲ ಅಂತ ದಯವಿಟ್ಟು ಹೇಳಬೇಡಿ. ಮಾತಿಗೆ ಹಾಡಿನಷ್ಟು ಒಳ್ಳೆ ಕ್ವಾಲಿಟಿ ಬೇಡ. ಸೆಕೆಂಡಿಗೆ 64 ಕಿಲೋಬಿಟ್ (ಕೆಬಿಪಿಎಸ್) ಲೆಕ್ಕದಲ್ಲಿ ಎಂಪಿ3 ಮಾಡಿದರೆ ಒಂದು ತಾಸಿಗೆ 29 ಎಂಬಿ ಆಸುಪಾಸು. 32ಕ್ಕೆ ಇಳಿಸಿದರೆ ಅದರ ಅರ್ಧ, ಆಗಲೂ ಮಾತು ತಿಳಿಯುತ್ತದೆ. ನಾಲ್ಕು ಪೇಪರ್, ವಾರಕ್ಕೆ 16 ತಾಸು, 16 ವಾರ ಅಂದರೆ 256 ತಾಸು. ಏಳೂವರೆ ಜಿಬಿ ಒಳಗೇ ಆಯಿತು. ಒಂದು ಸೆಮಿಸ್ಟರಿನ ಪಾಠ ಪೂರ್ತಿ ಒಂದು ಚಿಕ್ಕ ಪೆನ್‌ಡ್ರೈವ್‌ನಲ್ಲಿ ಹಿಡಿಸುತ್ತದೆ! ವಿಡಿಯೊ ಹೇಗೂ ಇದೆ, ಅದರಿಂದ ಆಡಿಯೊ ಬೇರೆ ಮಾಡುವುದು ಕಂಪ್ಯೂಟರ್ ಲ್ಯಾಬಿನ ಹುಡುಗನಿಗೆ ಐದು ನಿಮಿಷದ ಕೆಲಸ. ಕಾಲೇಜಿನ ವೆಬ್‌ಸೈಟ್ ವರ್ಡ್‌ಪ್ರೆಸ್ ಅನ್ನುವ ಸಾಫ್ಟ್‌ವೇರಿನಲ್ಲಿ ಮಾಡಿದ್ದಾಗಿದ್ದರೆ ಇನ್ನೂ ಸುಲಭ, ಒಂದು ಪೋಸ್ಟ್ ಬರೆದು ಅದರಲ್ಲಿ ಎಂಪಿ3 ಲಿಂಕ್ ಕೊಟ್ಟರೆ ಅದು ತಾನೇ ಫೀಡಿಗೆ ಸೇರುತ್ತದೆ. ಪೇಪರ್‌ಗೆ ಒಂದರಂತೆ ವರ್ಗ ಮಾಡಿದರೆ ಪೇಪರ್‌ಗೆ ಒಂದು ಪಾಡ್‌ಕಾಸ್ಟ್. ನಮ್ಮದೇ ಸರ್ವರ್ ಇದೆ ಅನ್ನುವವರಿಗೆ ಪಾಡ್‌ಕಾಸ್ಟ್ ನಡೆಸಲು ಕಾಸ್ಟೊಪಾಡ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ. ಮೇಜಿನ ಮೇಲಿನ ಫೋನಿಗಿಂತ ಕಾಲರ್ ಮೈಕ್ ಒಳ್ಳೆಯದು, ಐದಾರು ನೂರು ರೂಪಾಯಿಗೆ ನಡೆಯುವಂಥದ್ದು ಸಿಗುತ್ತದೆ.

ಬೇರೆ ಕಡೆ ಇದು ಹೊಸದೇನಲ್ಲ. 2004ರಲ್ಲೇ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಹೊಸದಾಗಿ ಸೇರಿದ 1,600ಕ್ಕೂ ಹೆಚ್ಚು ಹುಡುಗರಿಗೆ ಐಪಾಡ್, ಅಂದರೆ ಜೇಬಿನಲ್ಲಿಟ್ಟು ಆಡಿಯೊ ಕೇಳುವ ಯಂತ್ರ, ಹಂಚಿದ್ದರು. ಆಕ್ಸ್‌ಫರ್ಡ್‌ನವರು ತಮ್ಮ ಎಷ್ಟೋ ಉಪನ್ಯಾಸಗಳನ್ನು ಪಾಡ್‌ಕಾಸ್ಟ್ ಮಾಡಿ ಯಾರು ಬೇಕಾದರೂ ಕೇಳುವಂತೆ ಇಟ್ಟಿದ್ದಾರೆ, ಅಣ್ಣಿಗೇರಿಯಲ್ಲಿ ಕೂತು ನಾನೂ ಕೇಳಿದ್ದೇನೆ. ಆಕ್ಸ್‌ಫರ್ಡಿನ ಪಾಠ ನನ್ನ ಫೋನಿಗೆ ಬರುತ್ತದೆ, ನಾನು ಫೀ ಕಟ್ಟಿದ ಕಾಲೇಜಿನ ಪಾಠ ಬರುವುದಿಲ್ಲ. ನಮ್ಮ ದೇಶದಲ್ಲೂ ಆನ್‌ಲೈನ್ ಪಾಠಕ್ಕೆ ಎನ್‌ಪಿಟಿಇಎಲ್ ಇದೆ, 2017ರಿಂದ ಸ್ವಯಂ ಇದೆ, ಒಳ್ಳೆ ಪಾಠಗಳೇ. ಆದರೆ ಅಲ್ಲಿ ದುರ್ಗದಬೈಲಿನ ಗಿರ್ಮಿಟ್ ಅಂಗಡಿ ಇಲ್ಲ.

ಒಂದು ಎಚ್ಚರಿಕೆ ಮಾತ್ರ. ಯಾವುದೋ ಒಂದು ಕಂಪನಿಯ ಆ್ಯಪ್‌ನೊಳಗೆ ಎಲ್ಲ ತುಂಬಿ ಕೂರಬೇಡಿ. ಆ್ಯಪಲ್‌ನವರು ವಿಶ್ವವಿದ್ಯಾಲಯಗಳಿಗಾಗಿಯೇ 2007ರಲ್ಲಿ ಐಟ್ಯೂನ್ಸ್ ಯು ತೆಗೆದರು, 2021ರ ಕೊನೆಗೆ ಮುಚ್ಚಿದರು. ಗೂಗಲ್ ಪಾಡ್‌ಕಾಸ್ಟ್ ಆ್ಯಪ್ 2024ರಲ್ಲಿ ಮುಚ್ಚಿತು. ಫೀಡಿನ ವಿಳಾಸ ನಮ್ಮದೇ ವೆಬ್‌ಸೈಟಿನದಾಗಿದ್ದರೆ ಆ್ಯಪ್ ಹೋದರೂ ವಿಳಾಸ ಉಳಿಯುತ್ತದೆ, ಬೇರೆ ಆ್ಯಪ್‌ಗೆ ಅದೇ ವಿಳಾಸ ಅಂಟಿಸಿದರಾಯಿತು.

ನಮ್ಮ ಸರ್, ಮೇಡಂ ಹತ್ತಿರ ಈ ಮಾತೆತ್ತಿದಾಗ ಮೊದಲು ಬರುವ ಪ್ರಶ್ನೆ ಒಂದೇ. ಆಡಿಯೊ ಕೊಟ್ಟರೆ ಕ್ಲಾಸಿಗೆ ಯಾರು ಬರುತ್ತಾರೆ? ಸರ್, ಶೇ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ, ಬರದೆ ಎಲ್ಲಿಗೆ ಹೋಗುತ್ತೇವೆ? ಬಾರದೇ ಇರುವವನು ಆಡಿಯೊ ಇಲ್ಲದಿದ್ದರೂ ಬರುವುದಿಲ್ಲ, ಅವನು ಕ್ಯಾಂಟೀನಿನಲ್ಲಿ ಇರುತ್ತಾನೆ. ಪಾಠ ಎರಡನೇ ಸಲ ಕೇಳುವುದು ಮೊದಲ ಸಲ ಕ್ಲಾಸಿನಲ್ಲಿ ಕೇಳಿದವನೇ.

ಎರಡನೆಯದು, ಯಾರಾದರೂ ಒಂದು ಮಾತು ಕತ್ತರಿಸಿ ಟ್ರೋಲ್ ಮಾಡಿದರೆ? ಈ ಭಯ ಸುಳ್ಳಲ್ಲ. ಇದಕ್ಕೆ ಖಾಸಗಿ ಫೀಡ್ ಅಂತ ಇದೆ. ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಬೇರೆ ವಿಳಾಸ ಕೊಡುತ್ತಾರೆ, ಯಾರದ್ದು ಹೊರಗೆ ಹರಿದಾಡಿದರೂ ಯಾರದ್ದು ಅಂತ ಗೊತ್ತಾಗುತ್ತದೆ, ಆ ಒಂದು ವಿಳಾಸ ಮುಚ್ಚಬಹುದು. ಆ್ಯಪ್‌ಗಳ ಹುಡುಕಾಟದಲ್ಲಿ ಕಾಣದಂತೆ ಮಾಡಲು ಫೀಡಿನಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಪೂರ್ತಿ ಬೀಗ ಅಲ್ಲ ಇದು, ಮನಸ್ಸು ಮಾಡಿದವನು ಹೇಗೂ ಕದಿಯುತ್ತಾನೆ, ಈಗಲೂ ಕ್ಲಾಸಿನಲ್ಲಿ ಫೋನ್ ಇಟ್ಟು ರೆಕಾರ್ಡ್ ಮಾಡಲು ಯಾರ ಅಡ್ಡಿಯೂ ಇಲ್ಲವಲ್ಲ.

ಮೂರನೆಯದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ನನಗೆ ಹೇಳಿದ್ದು ಒಬ್ಬ ಅತಿಥಿ ಉಪನ್ಯಾಸಕರು, ಅದೂ ಕಾರಿಡಾರಿನಲ್ಲಿ, ಹೋಗುತ್ತಾ ಹೋಗುತ್ತಾ. "ಈ ವರ್ಷ ನನ್ನ ಪಾಠ ರೆಕಾರ್ಡ್ ಮಾಡ್ಕೋತಾರ, ಮುಂದಿನ ವರ್ಷ ಅದನ್ನ ಹಚ್ಚಿ ನೀ ಬ್ಯಾಡಪಾ ಅಂದ್ರ?" ನನಗೆ ಉತ್ತರ ಹೊಳೆಯಲಿಲ್ಲ. ವರ್ಷ ವರ್ಷ ಹೊಸ ಆದೇಶಕ್ಕೆ ಕಾಯುವವರು, ರಜೆಯಲ್ಲಿ ಸಂಬಳ ಇಲ್ಲದವರು ಈ ಪ್ರಶ್ನೆ ಕೇಳಿದರೆ ನಗುವ ಹಾಗಿಲ್ಲ. ನನ್ನ ಪ್ರಕಾರ ಇದನ್ನು ಬರಹದಲ್ಲೇ ಮಾಡಬೇಕು. ಪಾಠ ಹೇಳಿದವರ ಒಪ್ಪಿಗೆ ಇಲ್ಲದೆ ರೆಕಾರ್ಡಿಂಗ್ ಬೇಡ. ಒಪ್ಪಿದರೂ ಅದು ಆ ಬ್ಯಾಚಿಗೆ ಮಾತ್ರ, ಮುಂದಿನ ವರ್ಷ ಬಳಸಬೇಕಾದರೆ ಮತ್ತೆ ಕೇಳಬೇಕು, ಒಬ್ಬರ ತಾಸಿನ ಬದಲಿಗೆ ಆಡಿಯೊ ಹಚ್ಚುವ ಹಾಗಿಲ್ಲ. ಇಷ್ಟು ಬರೆದು ಸಹಿ ಹಾಕಿದರೆ ಅರ್ಧ ಜನ ಒಪ್ಪುತ್ತಾರೆ. ನಾವು ಕ್ಲಾಸಿನಲ್ಲಿ ಪ್ರಶ್ನೆ ಕೇಳಿದಾಗ ನಮ್ಮ ದನಿಯೂ ಅದರಲ್ಲಿ ಸೇರುತ್ತದೆ, ಆ ಭಾಗ ತೆಗೆಯಿರಿ ಅನ್ನುವ ಹಕ್ಕು ನಮಗೂ ಇರಲಿ.

ನಮ್ಮ ಸರ್ ಮೇಡಂಗೆ ಒಂದೇ ಒಂದು ವಿನಂತಿ. ದಯವಿಟ್ಟು "ಇದು" "ಇಲ್ಲಿ" ಅನ್ನುವುದನ್ನು ಸ್ವಲ್ಪ ಕಡಿಮೆ ಮಾಡಿ. "ಈ ಗೆರಿ ಇಲ್ಲಿಂದ ಇಲ್ಲಿಗೆ ಬಂತು, ಅಂದ್ರ ಇದು ಇಷ್ಟಾತು, ತಿಳೀತಲ್ಲ?" ಅಂತ ಬೋರ್ಡಿನ ಮುಂದೆ ನಿಂತು ಹೇಳಿದರೆ ಗಾಡಿಯಲ್ಲಿ ನೇತಾಡುತ್ತಿರುವ ನನಗೆ ಏನು ತಿಳಿಯಬೇಕು? ಬೇಡಿಕೆಯ ಗೆರೆ ಬಲಕ್ಕೆ ಸರಿಯಿತು, ಬೆಲೆ 10ರಿಂದ 12ಕ್ಕೆ ಏರಿತು ಅಂತ ಬಾಯಲ್ಲಿ ಹೇಳಿಬಿಟ್ಟರೆ ಸಾಕು. ಬೋರ್ಡಿನ ಒಂದು ಫೋಟೋ ಆ ಪಾಠದ ಕೆಳಗೆ ಹಾಕಿದರೆ ಇನ್ನೂ ಒಳ್ಳೆಯದು, ಪಾಡ್‌ಕಾಸ್ಟಿನಲ್ಲಿ ಅದಕ್ಕೂ ಜಾಗ ಇದೆ.

ಹೀಗೆ ಬಾಯಲ್ಲಿ ಹೇಳಿದರೆ ಉಪಯೋಗ ನನಗಿಂತ ಜಾಸ್ತಿ ಕಣ್ಣು ಕಾಣದ ವಿದ್ಯಾರ್ಥಿಗಳಿಗೆ. ಗದಗಿನ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಎಷ್ಟು ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು, ಕಿವಿಯ ದಾರಿಯಲ್ಲೇ ಅಲ್ವಾ ಬಹಳಷ್ಟು? ಅವರಿಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಅಂಥ ಊರಿನ ಪಕ್ಕದಲ್ಲಿದ್ದುಕೊಂಡು ನಾವು, ಪರದೆ ನೋಡುತ್ತಾ ಕೂತವರಿಗೆ ಮಾತ್ರ ಪಾಠ ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಹಾಗಂತ ಆಡಿಯೊ ಒಂದೇ ಕೊಟ್ಟು ಕೈ ತೊಳೆದುಕೊಂಡರೆ ಕಿವಿ ಕೇಳದವರ ಗತಿ? ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಇದೇ ತಕರಾರಾಗಿತ್ತು. ಪುಕ್ಕಟೆ ಹಾಕಿದ್ದ ಪಾಠಗಳಿಗೆ, ಮಾತನ್ನು ಓದಲು ಬರುವ ಹಾಗೆ ಸರಿಯಾದ ಅಕ್ಷರದ ಸಾಲು (ಕ್ಯಾಪ್ಶನ್) ಇಲ್ಲ ಅಂತ ಕಿವಿ ಕೇಳದವರ ಪರವಾಗಿ ದೂರು ಹೋಯಿತು, 2016ರಲ್ಲಿ ಅಲ್ಲಿನ ಸರ್ಕಾರ ಪತ್ರ ಬರೆಯಿತು, 2017ರಲ್ಲಿ ವಿಶ್ವವಿದ್ಯಾಲಯದವರು ಸರಿಪಡಿಸುವ ಖರ್ಚು ಜಾಸ್ತಿ ಅಂತ 20,000ಕ್ಕೂ ಹೆಚ್ಚು ರೆಕಾರ್ಡಿಂಗ್‌ಗಳನ್ನು ಸಾರ್ವಜನಿಕರಿಗೆ ಸಿಗದಂತೆ ಮುಚ್ಚಿಬಿಟ್ಟರು. ದೂರು ಕೊಟ್ಟವರಿಗೂ ಸಿಗಲಿಲ್ಲ, ಕೇಳುತ್ತಿದ್ದವರಿಗೂ ಸಿಗಲಿಲ್ಲ. ನಮ್ಮಲ್ಲಿ ಶುರು ಮಾಡುವಾಗಲೇ ಪಾಠದ ಜೊತೆ ಅವತ್ತಿನ ನೋಟ್ಸ್ ಹಾಕುವ ರೂಢಿ ಇಟ್ಟರೆ ಆ ಜಗಳವೇ ಬರುವುದಿಲ್ಲ. ಮಷೀನಿನಿಂದ ಬರೆಸುವುದು ಈಗ ಬಂದಿದೆ, ಆದರೆ ನಮ್ಮ ಸರ್ ಅರ್ಧ ಧಾರವಾಡ ಕನ್ನಡ ಅರ್ಧ ಇಂಗ್ಲಿಷ್ ಬೆರೆಸಿ ಹೇಳಿದ್ದನ್ನು ಅದು ಬರೆದದ್ದು ನೋಡಿದರೆ ನಗೆಹಬ್ಬ. ಒಬ್ಬರು ತಿದ್ದಲೇಬೇಕು. ಕ್ಲಾಸಿನಲ್ಲಿ ಸರದಿ ಮೇಲೆ ಒಬ್ಬೊಬ್ಬರು ಒಂದೊಂದು ಪಾಠ ತಿದ್ದಿದರೆ ಅದೂ ಓದಿದ ಹಾಗೇ ಆಗುತ್ತದೆ, ನಾನಂತೂ ತಯಾರು.

ಧಾರವಾಡದ ಕೃಷಿ ವಿಶ್ವವಿದ್ಯಾಲಯ ರೈತರಿಗಾಗಿ ಸಮುದಾಯ ರೇಡಿಯೊ ನಡೆಸಿದೆ. ಹಾವೇರಿ ಜಿಲ್ಲೆಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ, ಅಲ್ಲಿ ಕಲಿಯುವ ವಿಷಯದಲ್ಲಿ ಅರ್ಧಕ್ಕಿಂತ ಜಾಸ್ತಿ ಕಿವಿಯಿಂದಲೇ ಬರುವಂಥದ್ದು. ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ ಇದೆ. ಇಷ್ಟೆಲ್ಲ ಇರುವ ಕಡೆ ಯಾರಾದರೂ ಒಬ್ಬರು ಒಂದೇ ಒಂದು ವಿಭಾಗದಲ್ಲಿ, ಒಂದೇ ಪೇಪರಿಗೆ, ಒಂದು ಸೆಮಿಸ್ಟರ್ ಮಾಡಿ ನೋಡಲಿ. ಸಮಿತಿ, ಉದ್ಘಾಟನೆ, ಶಾಲು ಏನೂ ಬೇಡ. ಒಂದು ಮೈಕ್, ಒಬ್ಬ ಒಪ್ಪಿದ ಮೇಷ್ಟ್ರು, ನೋಟಿಸ್ ಬೋರ್ಡಿನ ಮೇಲೆ ಒಂದು ವಿಳಾಸ.

ಒಪ್ಪಿದ ಮೇಷ್ಟ್ರು ಒಬ್ಬರು ನನಗೆ ಗೊತ್ತು. ಆದರೆ ಅವರು ಬರುವ ಮೇ ತಿಂಗಳಿಗೆ ನಿವೃತ್ತರಾಗುತ್ತಾರೆ. ಅವರ ಇಪ್ಪತ್ತೆರಡು ಪಾಠ ಈಗ ನನ್ನ ಫೋನಿನಲ್ಲಿದೆ, ಒಂದು ಕಾಪಿ ತಮ್ಮನ ಪೆನ್‌ಡ್ರೈವ್‌ನಲ್ಲಿದೆ, ಅಷ್ಟೇ. ಮೊನ್ನೆ ಅವರಿಗೆ ಹನ್ನೊಂದನೆಯದು ಸಿಗಲಿಲ್ಲ ಸರ್ ಅಂದೆ. ಯಾವುದದು ಅಂದರು. ಹತ್ತರಲ್ಲಿ ರಿಸರ್ವ್ ಬ್ಯಾಂಕ್ ಶುರುವಾಗುತ್ತದೆ, ಹನ್ನೆರಡರಲ್ಲಿ "ನಿನ್ನೆ ಹೇಳಿದ ರೆಪೊ ದರ" ಅಂತ ಶುರು ಮಾಡುತ್ತೀರಿ ಸರ್, ಅದು ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಅವತ್ತ ಸಾಲಗಾರ ಸಾಹುಕಾರನ ಕತಿ ಹೇಳಿದ್ದೆ ಅಲ್ಲಾ? ಮತ್ತ ಹಂಗ ಹೇಳಾಕ ಬರ್ತೈತೋ ಇಲ್ಲೋ" ಅಂದರು.

ನಮ್ಮ ಕ್ಲಾಸಿನವರು, ನಮ್ಮ ಸೀನಿಯರ್‌ಗಳು ಈ ಪತ್ರ ಓದಿದರೆ ನಿಮ್ಮ ಹಳೆ ಫೋನ್, ಮೆಮೊರಿ ಕಾರ್ಡ್ ಒಂದು ಸಲ ತೆಗೆದು ನೋಡಿ. ಸುಮಾರು ಐವತ್ತು ನಿಮಿಷದ್ದು, ಶುರುವಿನಲ್ಲಿ ಸರ್ ಫ್ಯಾನ್ ಬಂದ್ ಮಾಡಲು ಹೇಳಿರಬಹುದು, ಆ ವಾರ ಅವರಿಗೆ ನೆಗಡಿ ಇತ್ತು. ಸಿಕ್ಕರೆ ಗ್ರೂಪಿಗೆ ಹಾಕಿ.

ಸಂಪಾದಕರೇ, ನನ್ನ ಹೆಸರು ಅಚ್ಚು ಹಾಕಬೇಡಿ. ಆಂತರಿಕ ಅಂಕ ಇನ್ನೂ ಬಂದಿಲ್ಲ.

ಇಂತಿ,
ಒಬ್ಬ ಎಂ.ಎ. ವಿದ್ಯಾರ್ಥಿನಿ
ಅಣ್ಣಿಗೇರಿ